ಮುಕ್ತ ತಂತ್ರಾಂಶದಲ್ಲಿ ಗುರುಶಿಷ್ಯರ ಹೊಣೆ

ಮುಂದೆ ಗುರಿಯಿರಬೇಕು, ಹಿಂದೆ ಗುರುವಿರಬೇಕು ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಗುರುವು ಬೆನ್ನ ಹಿಂದೆಯೇ ಇದ್ದರೆ ಶಿಷ್ಯನು ಎಡವಿದ್ದು ಕೂಡಲೇ ಅವನ ಕಣ್ಣಿಗೆ ಬೀಳುತ್ತದೆ. ತರಗತಿಯಲ್ಲಿ ಉಪಾಧ್ಯಾಯರು ವಿದ್ಯಾರ್ಥಿಯ ಮುಖವನ್ನು ನೋಡಿಯೇ ಪಾಠವು ತಿಳಿಯಿತೋ ಇಲ್ಲವೋ ಎಂಬುದನ್ನು ಊಹಿಸಬಲ್ಲರು. ಆದರೆ ಗುರುಶಿಷ್ಯರು ಒಬ್ಬರನ್ನೊಬ್ಬರು ಕಾಣದೆಯೇ ತಿಂಗಳುಗಟ್ಟಲೆ ಒಟ್ಟಿಗೆ ದುಡಿಯುವ ಕ್ಷೇತ್ರವೊಂದು ಇಂದು ಉಂಟು. ಅದೇ ಮುಕ್ತ ತಂತ್ರಾಂಶದ ಕ್ಷೇತ್ರ. ಅಲ್ಲಿ ತಿಳಿವಳಿಕೆಯು ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆ, ತಪ್ಪಾದಾಗ ಹೊಣೆ ಯಾರದು ಎಂಬುದನ್ನು ಈಗ ವಿಚಾರಮಾಡೋಣ.

ಮುಕ್ತ ತಂತ್ರಾಂಶವೆಂದರೇನು?

ಕಂಪ್ಯೂಟರಿಗೆ ಕೊಡುವ ಆದೇಶಗಳ ಸಮೂಹವೇ ತಂತ್ರಾಂಶ, ಅಥವಾ ಸಾಫ್ಟ್‌ವೇರ್. ಮನುಷ್ಯರು ಓದಬಲ್ಲ ರೂಪದಲ್ಲಿರುವ ಈ ಆದೇಶಗಳಿಗೆ ಕೋಡ್ ಎಂದು ಹೆಸರು. ಈ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬ ಪರವಾನಗಿಯೊಡನೆ ಹೊರಬರುವ ತಂತ್ರಾಂಶವು ಮುಕ್ತ ತಂತ್ರಾಂಶ ಅಥವಾ ಓಪನ್ ಸೋರ್ಸ್ ಎನಿಸಿಕೊಳ್ಳುತ್ತದೆ. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಆಂಡ್ರಾಯ್ಡ್ ಫೋನುಗಳ ಒಳಗೆ ಕೆಲಸಮಾಡುತ್ತಿರುವುದೂ ಇದರ ತಿರುಳೇ.

ಹೊಸಬರನ್ನು ಇಂತಹ ಕೆಲಸಕ್ಕೆ ಪಳಗಿಸುವ ಉದ್ದೇಶದಿಂದ 2005ರಲ್ಲಿ ‘ಗೂಗಲ್ ಸಮ್ಮರ್ ಆಫ್ ಕೋಡ್’ ಎಂಬ ವಾರ್ಷಿಕ ಕಾರ್ಯಕ್ರಮವು ಮೊದಲಾಯಿತು. ಮೊದಲು ಇದು ವಿದ್ಯಾರ್ಥಿಗಳಿಗೆ ಮಾತ್ರ ಮೀಸಲಾಗಿದ್ದಿತು. 2022ರಿಂದ 18 ವರ್ಷ ತುಂಬಿದ ಇತರ ಹೊಸಬರಿಗೂ ಬಾಗಿಲು ತೆರೆದಿದೆ. ಅಭ್ಯರ್ಥಿಯು ಒಂದು ಯೋಜನೆಯನ್ನು ಆರಿಸಿಕೊಂಡು, ತಾನು ಮಾಡಲಿರುವ ಕೆಲಸವನ್ನು ವಿವರಿಸಿ ಬರೆದುಕೊಡುತ್ತಾನೆ. ಆಯ್ಕೆಯಾದರೆ ಆ ಯೋಜನೆಯ ಅನುಭವಿಯೊಬ್ಬರು ಮಾರ್ಗದರ್ಶಕರಾಗುತ್ತಾರೆ. ಅವರು ಸ್ವಯಂಸೇವಕರು, ತಮ್ಮ ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು ಕಲಿಸುವವರು. ಪರಸ್ಪರ ಪರಿಚಯಕ್ಕೆ ಕೆಲವು ವಾರಗಳು, ಆ ಬಳಿಕ ಕೋಡ್ ಬರೆಯಲು ಸಾಮಾನ್ಯವಾಗಿ 12 ವಾರಗಳು. ನಡುವೆ ಒಮ್ಮೆ, ಕೊನೆಯಲ್ಲಿ ಒಮ್ಮೆ ಮೌಲ್ಯಮಾಪನ. ಇದರಲ್ಲಿ ಉತ್ತೀರ್ಣರಾದವರಿಗೆ ಮಾತ್ರ ಆಯಾ ಕಂತಿನ ಸಹಾಯಧನ ದೊರೆಯುತ್ತದೆ.

ಒಂದು ಪ್ರಶ್ನೆಯ ಬೆಲೆ

ಮೈಸೂರಿನ ವಿದ್ಯಾರ್ಥಿಯೊಬ್ಬನಿಗೆ ಕ್ಯಾಲಿಫೋರ್ನಿಯದಲ್ಲಿರುವವರು ಮಾರ್ಗದರ್ಶಕರೆಂದು ಭಾವಿಸೋಣ. ಬೇಸಗೆಯಲ್ಲಿ ಅಲ್ಲಿಯ ಗಡಿಯಾರವು ನಮ್ಮದಕ್ಕಿಂತ 12 ಗಂಟೆ 30 ನಿಮಿಷ ಹಿಂದಿರುತ್ತದೆ. ವಿದ್ಯಾರ್ಥಿಯು ಬೆಳಿಗ್ಗೆ 10 ಗಂಟೆಗೆ ಪ್ರಶ್ನೆಯನ್ನು ಕಳಿಸಿದಾಗ ಅಲ್ಲಿ ಹಿಂದಿನ ದಿನದ ರಾತ್ರಿ 9-30. ಅವರು ಮರುದಿನ ಬೆಳಿಗ್ಗೆ 9ಕ್ಕೆ ಉತ್ತರವನ್ನು ಬರೆದರೆ ನಮ್ಮಲ್ಲಿ ರಾತ್ರಿ 9-30 ಆಗಿರುತ್ತದೆ. ಒಂದು ಪ್ರಶ್ನೆಗೆ ಒಂದು ದಿನದ ಕೆಲಸವೇ ತೆರಬೇಕಾದ ಬೆಲೆ. 12 ವಾರಗಳೆಂದರೆ 84 ದಿನಗಳು. ಪ್ರಶ್ನೆಯು ಅಸ್ಪಷ್ಟವಾಗಿದ್ದು, ಉತ್ತರದ ಬದಲು ಮರುಪ್ರಶ್ನೆಯೇ ಬಂದರೆ ಇನ್ನೊಂದು ದಿನ ಕಳೆಯಿತು.

ಆದುದರಿಂದ ಪ್ರಶ್ನೆಯನ್ನು ಕೇಳುವುದೂ ಕಲಿಯತಕ್ಕ ವಿದ್ಯೆಯೇ. ಕನ್ನಡ ಪದದಲ್ಲಿರುವ ಅಕ್ಷರಗಳನ್ನು ಎಣಿಸುವ ಕೋಡನ್ನು ಆ ವಿದ್ಯಾರ್ಥಿ ಬರೆದಿದ್ದಾನೆಂದು ಇಟ್ಟುಕೊಳ್ಳಿ. ‘ನನ್ನ ಕೋಡ್ ತಪ್ಪು ಲೆಕ್ಕ ಕೊಡುತ್ತಿದೆ, ಏನು ಮಾಡಲಿ?’ ಎಂದರೆ ಯಾರೂ ಉತ್ತರ ಹೇಳಲಾರರು. ‘ಅಕ್ಷರ ಎಂಬ ಪದವನ್ನು ಕೊಟ್ಟೆ, 3 ಎಂಬ ಉತ್ತರ ಬರಬೇಕಾಗಿತ್ತು, 5 ಬಂದಿತು, ಒತ್ತಕ್ಷರವಾಗಲಿ ಸ್ವರಚಿಹ್ನೆ ಮೊದಲಾದುವಾಗಲಿ ಇಲ್ಲದ ಪದಗಳಲ್ಲಿ ಲೆಕ್ಕ ಸರಿಯಾಗಿದೆ’ ಎಂದರೆ, ಕನ್ನಡವನ್ನು ಅರಿಯದ ಮಾರ್ಗದರ್ಶಕರಿಗೂ ಕಾರಣವು ಹೊಳೆಯುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ‘ಕ್ಷ’ ಎಂಬುದು ಕಕಾರ, ಅರ್ಧಾಕ್ಷರದ ಚಿಹ್ನೆ, ಷಕಾರ ಎಂಬ ಮೂರು ಸಂಕೇತಗಳಾಗಿ ದಾಖಲಾಗುತ್ತದೆ. ಅದರ ಹಿಂದಿನ ‘ಅ’, ಮುಂದಿನ ‘ರ’ ಸೇರಿ ಒಟ್ಟು ಐದು. ಕೋಡ್ ಅಕ್ಷರಗಳ ಬದಲು ಸಂಕೇತಗಳನ್ನು ಎಣಿಸಿದೆ! ಏನು ಕೊಟ್ಟೆ, ಏನು ಬರಬೇಕಾಗಿತ್ತು, ಏನು ಬಂದಿತು, ಈವರೆಗೆ ಏನು ಪ್ರಯತ್ನಿಸಿದೆ ಎಂಬ ನಾಲ್ಕು ಸಂಗತಿಗಳಿದ್ದರೆ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿರುತ್ತದೆ.

ಮೌನದ ಅಪಾಯ

ಅಸ್ಪಷ್ಟವಾದ ಪ್ರಶ್ನೆಗಿಂತಲೂ ಹೆಚ್ಚಿನ ಅಪಾಯ ಮೌನದಲ್ಲಿದೆ. ಹಿರಿಯರ ಮುಂದೆ ‘ತಿಳಿಯಲಿಲ್ಲ’ ಎನ್ನಲು ನಾವು ಸಂಕೋಚಪಡುತ್ತೇವೆ. ‘ಇನ್ನೆರಡು ದಿನಗಳಲ್ಲಿ ಸರಿಪಡಿಸಿ, ಆಮೇಲೆ ತೋರಿಸೋಣ’ ಎಂದು ವಿದ್ಯಾರ್ಥಿಯು ಸುಮ್ಮನಾಗುತ್ತಾನೆ. ಎರಡು ದಿನ ಒಂದು ವಾರವಾಗುತ್ತದೆ. ವಾರ ಕಳೆದಂತೆ ಸಂಕೋಚವೂ ಬೆಳೆಯುತ್ತದೆ. ಅತ್ತ ಮಾರ್ಗದರ್ಶಕರಿಗೆ ಕಾಣುವುದು ಬರಿಯ ನಿಶ್ಶಬ್ದ. ಶಿಷ್ಯನು ಕಷ್ಟಪಟ್ಟು ದುಡಿಯುತ್ತಿದ್ದಾನೆಯೇ, ಕೆಲಸವನ್ನೇ ಬಿಟ್ಟನೇ ಎಂಬುದನ್ನು ತಿಳಿಯಲು ಅವರಿಗೆ ಬೇರೆ ದಾರಿಯಿಲ್ಲ.

ಇದಕ್ಕೆ ಪರಿಹಾರವು ಬಹಳ ಸರಳವಾದುದು. ವಾರಕ್ಕೊಮ್ಮೆ ಮೂರು ವಾಕ್ಯಗಳ ವರದಿ ಸಾಕು: ಏನು ಮುಗಿಯಿತು, ಎಲ್ಲಿ ಸಿಕ್ಕಿಕೊಂಡಿದ್ದೇನೆ, ಮುಂದೇನು. ಇದನ್ನು ಯೋಜನೆಯವರೆಲ್ಲರೂ ಓದುವ ಸ್ಥಳದಲ್ಲಿ ಬರೆಯುವುದು ಇನ್ನೂ ಲೇಸು. ಮಾರ್ಗದರ್ಶಕರಿಗೆ ಬಿಡುವಿಲ್ಲದಾಗ ಇನ್ನೊಬ್ಬರು ಉತ್ತರ ಕೊಡಬಹುದು. ಅದೇ ಸಂದೇಹವುಳ್ಳ ಮೂರನೆಯವರಿಗೂ ಅದು ಪಾಠವಾದೀತು.

ಗುರುವಿನ ಹೊಣೆ

ಹೊಣೆಯು ಶಿಷ್ಯನೊಬ್ಬನದೇ ಅಲ್ಲ. ಮಾರ್ಗದರ್ಶಕರು ತಾವು ಊರಲ್ಲಿ ಇಲ್ಲದ ದಿನಗಳನ್ನು ಮೊದಲೇ ತಿಳಿಸಿ, ಬದಲಿಗೆ ಯಾರನ್ನು ಕೇಳಬೇಕೆಂಬುದನ್ನು ಹೇಳತಕ್ಕದ್ದು. ‘ಇದು ಸರಿಯಿಲ್ಲ’ ಎಂಬ ಒಂದೇ ಮಾತಿನಿಂದ ಯಾರೂ ಕಲಿಯಲಾರರು. ‘ಈ ಸಾಲು ಒತ್ತಕ್ಷರವನ್ನು ಒಡೆಯುತ್ತದೆ, ಒತ್ತಕ್ಷರವುಳ್ಳ ಹತ್ತು ಪದಗಳಿಂದ ಪರೀಕ್ಷಿಸಿ ನೋಡು’ ಎಂದರೆ ದಾರಿ ಕಾಣುತ್ತದೆ. ಟೀಕೆಯು ಕೋಡಿಗೆ ತಗಲಬೇಕೇ ಹೊರತು ಬರೆದವನಿಗಲ್ಲ. ಇದು ದೊಡ್ಡವರಿಗೂ ತಡವಾಗಿ ತಿಳಿದ ಪಾಠ. ಸಹೋದ್ಯೋಗಿಗಳಿಗೆ ಕಟುವಾಗಿ ಬರೆಯುವುದಕ್ಕೆ ಹೆಸರಾಗಿದ್ದ ಟೊರ್ವಾಲ್ಡ್ಸ್ 2018ರ ಸೆಪ್ಟೆಂಬರಿನಲ್ಲಿ ಬಹಿರಂಗವಾಗಿ ಕ್ಷಮೆ ಬೇಡಿ, ಕೆಲವು ವಾರ ಕೆಲಸದಿಂದ ದೂರವಿದ್ದರು. ಅದೇ ತಿಂಗಳು ಲಿನಕ್ಸ್ ಯೋಜನೆಯು ಹೊಸ ನಡವಳಿಕೆಯ ಸಂಹಿತೆಯನ್ನು ಅಂಗೀಕರಿಸಿತು.

ಅಳಿಸಲಾಗದ ದಾಖಲೆ

ಹೊಣೆಯನ್ನು ಗುರುತಿಸುವ ಒಂದು ಸಾಧನವೂ ಈ ಕ್ಷೇತ್ರದಲ್ಲಿ ಬಳಕೆಯಲ್ಲಿದೆ. ಅದು 2005ರಲ್ಲಿ ಟೊರ್ವಾಲ್ಡ್ಸರೇ ರಚಿಸಿದ ‘ಗಿಟ್’. ಕೋಡಿನಲ್ಲಿ ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ಗಿಟ್ ದಾಖಲಿಸುತ್ತದೆ. ಬರೆದವರ ಹೆಸರು ಬೇರೆ, ಸೇರಿಸಿದವರ ಹೆಸರು ಬೇರೆ. ಎರಡಕ್ಕೂ ದಿನ, ವೇಳೆಗಳುಂಟು. ಪ್ರತಿ ದಾಖಲೆಗೂ ಒಂದು ಗುರುತಿನ ಸಂಖ್ಯೆಯುಂಟು. ಅದು ಆ ದಾಖಲೆಯ ವಿಷಯದಿಂದಲೂ ಅದರ ಹಿಂದಿನ ದಾಖಲೆಯ ಸಂಖ್ಯೆಯಿಂದಲೂ ಲೆಕ್ಕಹಾಕಿ ಪಡೆದುದು. ಹಳೆಯದರಲ್ಲಿ ಒಂದಕ್ಷರವನ್ನು ತಿದ್ದಿದರೂ ಅಲ್ಲಿಂದ ಮುಂದಿನ ಸಂಖ್ಯೆಗಳೆಲ್ಲ ಬದಲಾಗುವುದರಿಂದ ಗುಟ್ಟಾಗಿ ತಿದ್ದುವುದು ಸಾಧ್ಯವಾಗದು. ಲಿನಕ್ಸಿನಲ್ಲಿ 2004ರಿಂದ ಇನ್ನೊಂದು ಪದ್ಧತಿಯೂ ಇದೆ. ಕೋಡನ್ನು ಕೊಡುವವನು ಅದನ್ನು ಕೊಡಲು ತನಗೆ ಹಕ್ಕಿದೆಯೆಂದು ದೃಢೀಕರಿಸಿ ತನ್ನ ಹೆಸರಿನ ಸಾಲನ್ನು ಸೇರಿಸುತ್ತಾನೆ. ಅದನ್ನು ಮುಂದಕ್ಕೆ ದಾಟಿಸುವ ಹಿರಿಯರೂ ಅದರ ಕೆಳಗೆ ತಮ್ಮ ಹೆಸರನ್ನು ಬರೆಯುತ್ತಾರೆ.

ಇದರ ಅರ್ಥವನ್ನು ಗಮನಿಸಬೇಕು. ಶಿಷ್ಯನು ಬರೆದುದನ್ನು ಗುರುವು ಸ್ವೀಕರಿಸಿದ ಮೇಲೆ ಹೊಣೆಯು ಇಬ್ಬರದೂ ಆಗುತ್ತದೆ. ಮುಂದೆ ಅದರಲ್ಲಿ ದೋಷ ಕಂಡರೆ, ಯಾರು ಯಾವಾಗ ಯಾವ ಕಾರಣಕ್ಕಾಗಿ ಹೀಗೆ ಬರೆದರೆಂಬುದನ್ನು ಹುಡುಕಿ ತಿದ್ದಬಹುದು. ಇನ್ನೊಬ್ಬರ ಕೋಡನ್ನು ತನ್ನದೆಂದು ಕೊಟ್ಟು ಗುರುವಿಗೇ ತಿರುಮಂತ್ರ ಹಾಕುವವನು, ನಂಬಿ ಹೆಸರು ಬರೆದ ಗುರುವನ್ನೂ ಸಿಕ್ಕಿಸುತ್ತಾನೆ.

ಮೌಲ್ಯಮಾಪನಕ್ಕೂ ಇದೇ ನ್ಯಾಯ. ಅನುತ್ತೀರ್ಣನೆಂಬ ಸುದ್ದಿಯು ಕೊನೆಯ ದಿನ ಸಿಡಿಲಿನಂತೆ ಎರಗಿದರೆ, ನಡುವಣ ವಾರಗಳಲ್ಲಿ ಇಬ್ಬರಲ್ಲೊಬ್ಬರು ಆಡಬೇಕಾದ ಮಾತನ್ನು ಆಡಲಿಲ್ಲವೆಂದೇ ತಿಳಿಯಬೇಕು. ಸಮ್ಮರ್ ಆಫ್ ಕೋಡಿನಲ್ಲಿ ಶಿಷ್ಯನೂ ಗುರುವಿನ ಬಗ್ಗೆ ತನ್ನ ಅಭಿಪ್ರಾಯವನ್ನು ಬರೆದುಕೊಡುವ ಏರ್ಪಾಡಿರುವುದು ಉಚಿತವೇ ಆಗಿದೆ.

ಈ ಕ್ಷೇತ್ರಕ್ಕೆ ಇಳಿಯಬಯಸುವ ವಿದ್ಯಾರ್ಥಿಗಳು ದೊಡ್ಡ ಕೋಡಿನಿಂದಲೇ ಆರಂಭಿಸಬೇಕಾಗಿಲ್ಲ. ಯಾವುದಾದರೂ ಯೋಜನೆಯ ಕೈಪಿಡಿಯಲ್ಲಿರುವ ಒಂದು ತಪ್ಪನ್ನು ತಿದ್ದಿ ಕಳಿಸಿ. ಅಲ್ಲಿಯವರು ಹೇಗೆ ಉತ್ತರಿಸುತ್ತಾರೆಂಬುದನ್ನು ನೋಡಿ. ಆಳಾಗಬಲ್ಲವನು ಅರಸಾಗಬಲ್ಲ ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಹೀಗೆ ಕಲಿತು ಮುಂದೆ ತಾವೇ ಮಾರ್ಗದರ್ಶಕರಾದವರು ಅನೇಕರಿದ್ದಾರೆ. ‘ನನಗೆ ತಿಳಿಯಲಿಲ್ಲ’ ಎಂದು ಸಕಾಲದಲ್ಲಿ ಹೇಳಲು ಕಲಿತವನು, ಹಾಗೆ ಹೇಳುವ ಕಿರಿಯನಿಗೆ ನಾಳೆ ತಾಳ್ಮೆಯಿಂದ ಉತ್ತರವನ್ನೂ ಕೊಡಬಲ್ಲನು.