ಹರಿಗೋಲಿನಲ್ಲಿ ಹೊಳೆ ದಾಟುವವರಿಗೆ

ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿ ಆನೆಗೊಂದಿಗೋ ನವವೃಂದಾವನಕ್ಕೋ ಹೋಗಬೇಕೆಂದು ಸಂಕಲ್ಪಿಸಿದವರು, ಮನೆಯ ಹೊಸ್ತಿಲನ್ನು ದಾಟುವ ಮುನ್ನವೇ ಹೊಸಪೇಟೆಯ ಅಣೆಕಟ್ಟಿನಿಂದ ಹೊಳೆಗೆ ನೀರು ಬಿಟ್ಟಿರುವರೋ ಇಲ್ಲವೋ ಎಂಬುದನ್ನು ವಿಚಾರಿಸಿಕೊಳ್ಳತಕ್ಕದ್ದು. ಅಣೆಕಟ್ಟಿನ 33 ಗೇಟುಗಳಲ್ಲಿ ಹಲವನ್ನು ಎತ್ತಿದ ದಿನ, ಹಂಪೆಯಲ್ಲಿ ಹಿಂದಿನ ಸಂಜೆ ಬಟ್ಟೆ ಒಗೆದಿದ್ದ ಬಂಡೆಗಳೂ ಪುರಂದರ ಮಂಟಪವೂ ಮುಳುಗಿ, ದಡವೆಲ್ಲಿಯದೆಂಬುದೇ ತಿಳಿಯದಂತಾಗುತ್ತದೆ. ಅಂತಹ ಪ್ರವಾಹಕ್ಕೆ ಹರಿಗೋಲು ಇಳಿಯತಕ್ಕದ್ದಲ್ಲ.

ಮಳೆಗಾಲ ಕಳೆದು ಹೊಳೆ ತಿಳಿಯಾದ ಮೇಲೆ, ಬಿಸಿಲೇರುವ ಮೊದಲೇ ಘಟ್ಟಕ್ಕೆ ಬರುವುದು ಒಳಿತು. ಮರಳಿ ಕರೆತರುವ ಮಾತನ್ನೂ ಸೇರಿಸಿ ಬಾಡಿಗೆಯನ್ನು ದಡದಲ್ಲಿಯೇ ಗೊತ್ತುಮಾಡಿಕೊಳ್ಳಿ. ಲೈಫ್ ಜಾಕೆಟ್ಟನ್ನು ಕೇಳಿ ತೊಡಿ. ಈಜು ಬಲ್ಲೆನೆಂಬ ಧೈರ್ಯ ಬಂಡೆಗಳ ಸಂದಿನ ಸುಳಿಯಲ್ಲಿ ನಡೆಯದು.

ಹರಿಗೋಲಿನ ಸ್ವಭಾವವನ್ನರಿತರೆ ಅದರಲ್ಲಿ ಕುಳಿತುಕೊಳ್ಳುವ ಕ್ರಮ ತಾನಾಗಿ ತಿಳಿಯುತ್ತದೆ. ಬಿದಿರಿನ ಸೀಳುಗಳಿಂದ ಬುಟ್ಟಿಯಂತೆ ಹೆಣೆದು, ಹೊರಮೈಗೆ ಹಿಂದೆ ಚರ್ಮವನ್ನೂ ಈಗ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿ ಡಾಂಬರು ಬಳಿದ ಈ ವಾಹನಕ್ಕೆ ಮುಂದು ಹಿಂದು ಎಂಬುದಿಲ್ಲ. ತಳ ಚಪ್ಪಟೆಯಾದುದರಿಂದಲೇ ಅದು ಮೊಣಕಾಲುದ್ದದ ನೀರಿನಲ್ಲಿಯೂ ತೇಲಬಲ್ಲುದು. ಭಾರ ಒಂದೆಡೆ ಸರಿದರೆ ಆ ಕಡೆಗೇ ವಾಲುವುದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಹದಿನೈದಿಪ್ಪತ್ತು ಜನರನ್ನು ಹೊತ್ತು ಸುತ್ತುತ್ತಲೇ ಸಾಗುವ ಇಂತಹ ದೋಣಿಗಳನ್ನು ಕುರಿತು ಬರೆದಿಟ್ಟಿದ್ದಾನೆ. ಆ ಸಂಖ್ಯೆಯನ್ನು ಇಂದು ಯಾರೂ ಅನುಸರಿಸಬಾರದು.

ನಾನು ಏರಿದ ದಿನ ಅಂಬಿಗರು ಒಬ್ಬೊಬ್ಬರನ್ನೇ ಒಳಗಿಳಿಸಿ, ತೂಕದವರನ್ನು ಎದುರುಬದುರಾಗಿ ಕೂರಿಸಿ, ಮಕ್ಕಳನ್ನು ತಾಯಂದಿರ ಮಡಿಲಿಗೆ ಸರಿಸಿ, ಅಂಚಿನ ಮೇಲೆ ಅಂಗೈಯಿಟ್ಟು ಹರಿಗೋಲು ಅಲುಗದಿರುವುದನ್ನು ಕಂಡುಕೊಂಡ ಬಳಿಕವೇ ಹುಟ್ಟನ್ನು ಕೈಗೆತ್ತಿಕೊಂಡರು. ಹಾಗೆಯೇ ತಳದಲ್ಲಿ ಕಾಲು ಮಡಚಿ ಕುಳಿತಿರಬೇಕು. ಫೋಟೋ ತೆಗೆಯಲೆಂದು ಏಳುವುದಾಗಲಿ, ನೀರು ಮುಟ್ಟಲೆಂದು ಬಾಗುವುದಾಗಲಿ ಕೂಡದು. ಅಂಬಿಗರು ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತಮ್ಮೆಡೆಗೆ ಸೆಳೆಯುವರು. ಆ ಸೆಳೆತ ತುಸು ಓರೆಯಾದರೂ ಹರಿಗೋಲು ತಿರುಗತೊಡಗುವುದು. ವಿನೋದಕ್ಕಾಗಿ ಗಿರಗಿರನೆ ತಿರುಗಿಸಿರೆಂದು ಅವರನ್ನು ಕಾಡುವವರುಂಟು. ವೃದ್ಧರೂ ಮಕ್ಕಳೂ ಜೊತೆಗಿರುವಾಗ ಅದು ಸಲ್ಲದು. ಆಚೆಯ ದಡ ಮುಟ್ಟಿದರೂ, ಅಂಬಿಗರು ಇಳಿದು ಅಂಚನ್ನು ಹಿಡಿಯುವವರೆಗೆ ಯಾರೂ ಏಳಬಾರದು.

"ಇವತ್ತು ಬ್ಯಾಡ್ರೀ, ಹೊಳಿ ಏರೈತಿ" ಎಂದು ಅಂಬಿಗರು ಹೇಳಿದ ದಿನ ಹೆಚ್ಚಿನ ಹಣದ ಆಸೆ ತೋರಿಸಿ ಅವರನ್ನು ಒತ್ತಾಯಪಡಿಸಬೇಡಿರಿ. ಬುಕ್ಕಸಾಗರದ ಸೇತುವೆಯ ಮೇಲಿಂದ ಆನೆಗೊಂದಿಗೆ ದಾರಿಯಿದೆ.