ಪಿಕಪ್ ಗಾಡಿಯ ಮುಂಭಾಗ, ಹಿಂಭಾಗ



ಪಿಕಪ್ ಗಾಡಿ ನಮಗೆಲ್ಲ ಗೊತ್ತು. ಮೊದಲು ಊರಿಗೆ ಮಟಡೋರ್ ಬರುತ್ತಿತ್ತು. 2005ರಲ್ಲಿ ಟಾಟಾ ಏಸ್ ಎಂಬ ಪುಟ್ಟ ಗಾಡಿ ಬಂತು. ಈಗ ಸಣ್ಣದು ದೊಡ್ಡದು ಸೇರಿ ಎಷ್ಟೋ ಬಗೆ. ಟೊಮೇಟೊ ಬಾಕ್ಸ್ ಅದರಲ್ಲೇ ಮಾರುಕಟ್ಟೆಗೆ ಹೋಗುತ್ತದೆ. ಗೊಬ್ಬರದ ಚೀಲ ಅದರಲ್ಲೇ ಬರುತ್ತದೆ. ಮದುವೆ ದಿಬ್ಬಣ ಅದರಲ್ಲೇ. ಕಳೆ ಕೀಳಲು, ಹತ್ತಿ ಬಿಡಿಸಲು, ತೋಟದ ಕೆಲಸಕ್ಕೆ ಹೋಗುವ ಹೆಂಗಸರೂ ಅದರಲ್ಲೇ.

ಈ ಗಾಡಿಯಲ್ಲಿ ಎರಡು ಭಾಗ. ಮುಂದೆ ಡ್ರೈವರ್ ಕೂರುವ ಕ್ಯಾಬಿನ್. ಹಿಂದೆ ಸಾಮಾನು ತುಂಬುವ ಬಾಡಿ. ಬಾಡಿಯ ಮೇಲೆ ಕಬ್ಬಿಣದ ಕಮಾನು ನಿಲ್ಲಿಸಿ ಟಾರ್ಪಾಲು ಹೊದಿಸುತ್ತಾರೆ. ಕೆಲವು ಊರಲ್ಲಿ ತಾಡಪತ್ರಿ ಅಂತಾರೆ. ಮುಂದಿನ ಭಾಗಕ್ಕೂ ಹಿಂದಿನ ಭಾಗಕ್ಕೂ ಏನು ಸಂಬಂಧ? ನಡುವೆ ಗಾಳಿ ಹೇಗೆ ಓಡಾಡುತ್ತದೆ? ಹಿಂದಿನವರ ಕೂಗು ಮುಂದಕ್ಕೆ ಮುಟ್ಟುತ್ತದೆಯೇ? ಇದೇನು ಹೆಂಗಸರು ಓದುವ ಪಾಠವೇ ಅಂತ ಯಾರಾದರೂ ನಗಬಹುದು. ನಗಲಿ. ಹಿಂದೆ ಕೂರುವವರು ನಾವು ತಾನೇ?

ಎರಡು ತುಂಡು, ಒಂದು ಗಾಡಿ

ದೂರದಿಂದ ನೋಡಿದರೆ ಪಿಕಪ್ ಒಂದೇ ತಗಡಿನಿಂದ ಮಾಡಿದ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ನೋಡಿ. ಕ್ಯಾಬಿನ್ನಿನ ಬೆನ್ನಿಗೂ ಬಾಡಿಗೂ ನಡುವೆ ಒಂದು ಸಂದು ಇರುತ್ತದೆ. ಕೈಬೆರಳು ತೂರುವಷ್ಟು ಜಾಗ. ಕೆಲವು ಗಾಡಿಯಲ್ಲಿ ಇನ್ನೂ ಹೆಚ್ಚು.

ಆ ಸಂದು ಯಾಕೆ? ಗಾಡಿಯ ಅಡಿಯಲ್ಲಿ ಉದ್ದಕ್ಕೆ ಎರಡು ಕಬ್ಬಿಣದ ತೊಲೆ ಇರುತ್ತವೆ. ಅದಕ್ಕೆ ಚಾಸಿ ಅಂತ ಹೆಸರು. ಚಾಸಿಯ ಮೇಲೆ ಕ್ಯಾಬಿನ್ ಬೇರೆ ಕೂರಿಸುತ್ತಾರೆ, ಬಾಡಿ ಬೇರೆ ಕೂರಿಸುತ್ತಾರೆ. ಎರಡನ್ನೂ ಚಾಸಿಗೆ ಬೋಲ್ಟು ಹಾಕಿ ಬಿಗಿಯುತ್ತಾರೆ. ಒಂದಕ್ಕೊಂದು ಬಿಗಿಯುವುದಿಲ್ಲ.

ನಮ್ಮ ರಸ್ತೆ ಹೇಗಿದೆ? ಬಲಗಡೆ ಚಕ್ರ ಗುಂಡಿಗೆ ಇಳಿದರೆ ಎಡಗಡೆ ಚಕ್ರ ದಿಣ್ಣೆ ಹತ್ತುತ್ತದೆ. ಆಗ ಚಾಸಿ ಸ್ವಲ್ಪ ತಿರುಚಿಕೊಳ್ಳುತ್ತದೆ. ಕಬ್ಬಿಣವಾದರೂ ತಿರುಚುತ್ತದೆ. ಕ್ಯಾಬಿನ್ ಒಂದು ಕಡೆಗೆ ವಾಲಿದರೆ ಬಾಡಿ ಇನ್ನೊಂದು ಕಡೆಗೆ ವಾಲುತ್ತದೆ. ನಡುವೆ ಸಂದು ಇಲ್ಲದಿದ್ದರೆ ತಗಡಿಗೆ ತಗಡು ಉಜ್ಜಿ ಹರಿದು ಹೋಗುತ್ತದೆ.

ಎತ್ತಿನ ಗಾಡಿ ನೆನಪು ಮಾಡಿಕೊಳ್ಳಿ. ಮೂಕಿಗೂ ನೊಗಕ್ಕೂ ಹಗ್ಗದ ಕಟ್ಟು ಹಾಕುತ್ತಾರೆ. ಯಾಕೆ? ಎತ್ತು ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಆಗುತ್ತದೆ. ಹಗ್ಗ ಅದನ್ನು ತಾಳಿಕೊಳ್ಳುತ್ತದೆ. ಮೊಳೆ ಹೊಡೆದು ಕೂರಿಸಿದರೆ ಮರವೇ ಸೀಳುತ್ತದೆ. ಪಿಕಪ್ಪಿನ ಕತೆಯೂ ಅಷ್ಟೇ.

ಅಮೆರಿಕದವರ ಉಪಾಯ

ಅಮೆರಿಕ ದೇಶದಲ್ಲಿ ಪಿಕಪ್ ಗಾಡಿ ಬಹಳ. ಅಲ್ಲಿ ರೈತರ ಮನೆಯಲ್ಲೂ ಇದೆ, ನೌಕರರ ಮನೆಯಲ್ಲೂ ಇದೆ. ಅಲ್ಲಿಯವರು ಹಿಂದಿನ ಬಾಡಿಯ ಮೇಲೆ ಗಟ್ಟಿಯಾದ ಮುಚ್ಚಳ ಕೂರಿಸುತ್ತಾರೆ. ಅದಕ್ಕೆ ಕ್ಯಾಂಪರ್ ಶೆಲ್ ಅಂತಾರೆ. ಫೈಬರ್ ಇಲ್ಲವೇ ಅಲ್ಯೂಮಿನಿಯಂ ತಗಡಿನದು. ಪಕ್ಕದಲ್ಲಿ ಕಿಟಕಿ, ಹಿಂದೆ ಎತ್ತುವ ಬಾಗಿಲು. ರಜೆ ಬಂದಾಗ ಕಾಡು, ಬೆಟ್ಟಕ್ಕೆ ಹೋಗಿ ಅದರೊಳಗೇ ಹಾಸಿಗೆ ಹಾಸಿ ಮಲಗುತ್ತಾರೆ.

ಕ್ಯಾಬಿನ್ನಿನ ಬೆನ್ನಿಗೆ ಒಂದು ಕಿಟಕಿ. ಶೆಲ್ಲಿನ ಮುಂಭಾಗಕ್ಕೂ ಒಂದು ಕಿಟಕಿ. ಎರಡೂ ಎದುರುಬದುರು. ತೆಗೆದರೆ ಮಾತಾಡಬಹುದು, ನೀರು ದಾಟಿಸಬಹುದು, ಕ್ಯಾಬಿನ್ನಿನ ತಣ್ಣನೆ ಗಾಳಿ ಹಿಂದಕ್ಕೂ ಹೋಗುತ್ತದೆ. ಆದರೆ ನಡುವಿನ ಸಂದಿನಲ್ಲಿ ಮಳೆನೀರು, ಧೂಳು ನುಗ್ಗುತ್ತದಲ್ಲ? ಅದಕ್ಕೆ ಅವರು ಎರಡು ಕಿಟಕಿಯ ಸುತ್ತ ರಬ್ಬರಿನ ಒಂದು ತೋಳು ಹಾಕುತ್ತಾರೆ. ಹಾರ್ಮೋನಿಯಂ ತಿದಿಯ ಹಾಗೆ ಅದಕ್ಕೆ ಮಡಿಕೆ ಇರುತ್ತದೆ. ರೈಲಿನಲ್ಲಿ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ದಾಟುವಾಗ ಅಂಥದ್ದನ್ನು ನೋಡಿರುತ್ತೀರಿ. ಕೆಲವರು ದಪ್ಪ ಸ್ಪಂಜು ಇಡುತ್ತಾರೆ. ಸೈಕಲ್ ಟ್ಯೂಬಿನಂತೆ ಗಾಳಿ ತುಂಬುವ ರಬ್ಬರೂ ಇದೆ.

ತೋಳನ್ನು ಸಂದಿಗಿಂತ ಸ್ವಲ್ಪ ದಪ್ಪದ್ದನ್ನೇ ತಂದು ಅಮುಕಿ ಕೂರಿಸಬೇಕು. ಆಗ ಗಾಡಿ ಕುಲುಕಿ ಸಂದು ಅಗಲವಾದರೂ ರಬ್ಬರು ತಗಡನ್ನು ಬಿಡುವುದಿಲ್ಲ. ಕೂರಿಸುವ ಮೊದಲು ತಗಡಿನ ಧೂಳು, ಜಿಡ್ಡು ಒರೆಸಬೇಕು. ಕೊನೆಗೆ ಮೇಲಿಂದ ಒಂದು ಬಿಂದಿಗೆ ನೀರು ಸುರಿದು ಒಳಗೆ ಒದ್ದೆ ಆಯಿತೇ ನೋಡಬೇಕು. ಒಳಗಿನ ದೀಪಕ್ಕೆ ಎಳೆದ ವೈರನ್ನೂ ಬಿಗಿ ಮಾಡುವುದಿಲ್ಲ, ಸ್ವಲ್ಪ ಸಡಿಲ ಬಿಡುತ್ತಾರೆ. ಬಿಗಿ ಮಾಡಿದರೆ ಮೊದಲ ಗುಂಡಿಯಲ್ಲೇ ಕಿತ್ತುಬರುತ್ತದೆ.

ಇಷ್ಟು ಅಚ್ಚುಕಟ್ಟಾದ ಗೂಡು. ಆದರೆ ಅದೇ ಗೂಡಿನಲ್ಲಿ ಮಕ್ಕಳು ವಿಷಗಾಳಿ ಕುಡಿದಿದ್ದಾರೆ.

ಹೊಗೆ ಹಿಂದಿನಿಂದ ಬರುತ್ತದೆ

ಅಮೆರಿಕದ ಸಿಯಾಟಲ್ ಎಂಬ ಊರಿನ ಆಸ್ಪತ್ರೆಯ ವೈದ್ಯರು 1992ರಲ್ಲಿ ಒಂದು ವರದಿ ಬರೆದರು. 1986ರಿಂದ 1991ರವರೆಗೆ ಪಿಕಪ್ಪಿನ ಹಿಂದೆ ಕೂತು ಹೋಗುವಾಗ 20 ಮಕ್ಕಳಿಗೆ ಹೊಗೆಯ ವಿಷ ಏರಿತ್ತು. 17 ಮಕ್ಕಳು ಗಟ್ಟಿ ಮುಚ್ಚಳದ ಒಳಗೆ ಇದ್ದರು. ಉಳಿದ 3 ಮಕ್ಕಳು ಟಾರ್ಪಾಲಿನ ಕೆಳಗೆ ಇದ್ದರು. ಒಂದು ಮಗು ತೀರಿಕೊಂಡಿತು. ಒಂದು ಮಗುವಿಗೆ ಮಿದುಳಿನ ತೊಂದರೆ ಶಾಶ್ವತವಾಗಿ ಉಳಿಯಿತು. ಆ ಗಾಡಿಗಳ ಸೈಲೆನ್ಸರ್‌ನಲ್ಲಿ ಮೊದಲೇ ತೂತು ಇತ್ತು, ಇಲ್ಲವೇ ಹೊಗೆಯ ಕೊಳವೆ ಪಕ್ಕಕ್ಕೆ ಬಾರದೆ ನೇರ ಹಿಂದಕ್ಕೆ ಬಂದಿತ್ತು.

ಟಾರ್ಪಾಲಿನ ಕೆಳಗೆ 3 ಮಕ್ಕಳು. ಈ ಸಾಲನ್ನು ಇನ್ನೊಂದು ಸಲ ಓದಿ. ನಮ್ಮ ಕಡೆ ಇರುವುದು ಟಾರ್ಪಾಲೇ.

ಹೊಗೆ ಹಿಂದಕ್ಕೆ ತಾನೇ ಹೋಗಬೇಕು, ಒಳಗೆ ಹೇಗೆ ಬರುತ್ತದೆ? ಸಂಜೆ ತರಗತಿಯಲ್ಲಿ ಒಬ್ಬ ಅಕ್ಕ ಇದನ್ನೇ ಕೇಳಿದರು. ಒಳ್ಳೆಯ ಪ್ರಶ್ನೆ. ಬಸ್ಸು ಜೋರಾಗಿ ಹೋದಾಗ ರಸ್ತೆಯ ತರಗೆಲೆ, ಧೂಳು ಏನು ಮಾಡುತ್ತವೆ? ಬಸ್ಸಿನ ಬೆನ್ನು ಹತ್ತಿ ಓಡುತ್ತವೆ. ಓಡುವ ಗಾಡಿ ಮುಂದಿನ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಅದರ ಬೆನ್ನ ಹಿಂದೆ ಗಾಳಿ ತೆಳುವಾಗುತ್ತದೆ. ಆ ಜಾಗ ತುಂಬಲು ಸುತ್ತಲ ಗಾಳಿ ಸುಳಿ ತಿರುಗಿ ಒಳಕ್ಕೆ ಬರುತ್ತದೆ. ಸೈಲೆನ್ಸರ್ ಹೊಗೆಯೂ ಅದರ ಜೊತೆ ಬರುತ್ತದೆ. ಮುಂದೆ, ಎರಡು ಪಕ್ಕ ಟಾರ್ಪಾಲು ಬಿಗಿದು ಹಿಂದೆ ಮಾತ್ರ ತೆರೆದಿಟ್ಟರೆ ಬಾಡಿಯೇ ಹೊಗೆ ತುಂಬುವ ಚೀಲವಾಗುತ್ತದೆ. ಕ್ಯಾಬಿನ್ನಿನ ಹಿಂಕಿಟಕಿ ತೆರೆದಿದ್ದರೆ ಡ್ರೈವರ್‌ಗೂ ಪಾಲು ಸಿಗುತ್ತದೆ. ಅದಕ್ಕೇ ಅಮೆರಿಕದಲ್ಲಿ ಶೆಲ್ ಹಾಕಿದವರು ಮುಂದಿನ ಸಂದಿಗೆ ರಬ್ಬರು ಕೂರಿಸಿದರೆ ಸಾಲದು. ಹಿಂದಿನ ಬಾಗಿಲಿನ ಅಂಚಿಗೂ ರಬ್ಬರು ಹಾಕಬೇಕು.

ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಇರುತ್ತದೆ. ಹೆಸರು ಉದ್ದ. ಬಿಡಿಸಿ ಓದಿ: ಕಾರ್‌-ಬನ್ ಮಾ-ನಾಕ್‌-ಸೈಡ್. ಬಣ್ಣವಿಲ್ಲ, ವಾಸನೆ ಇಲ್ಲ. ಪೆಟ್ರೋಲ್ ಗಾಡಿಯಲ್ಲಿ ಹೆಚ್ಚು, ಡೀಸೆಲ್ ಗಾಡಿಯಲ್ಲಿ ಕಡಿಮೆ. ಆದರೆ ಡೀಸೆಲ್ ಹೊಗೆಯ ಮಸಿ ಬೇರೆ ರೀತಿ ಎದೆಗೆ ಕೆಟ್ಟದ್ದು. ನಮ್ಮ ರಕ್ತ ಉಸಿರಿನ ಆಮ್ಲಜನಕವನ್ನು ಹೊತ್ತು ಮೈಗೆಲ್ಲ ಹಂಚುತ್ತದೆ. ಈ ಅನಿಲ ಬಂದರೆ ರಕ್ತ ಇದನ್ನೇ ಹಿಡಿದುಕೊಳ್ಳುತ್ತದೆ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿಯುತ್ತದೆ. ಮೈಗೆ ಉಸಿರು ಸಿಗುವುದಿಲ್ಲ.

ಮೊದಲು ತಲೆನೋವು. ಆಮೇಲೆ ತಲೆಸುತ್ತು, ಹೊಟ್ಟೆ ತೊಳಸುವುದು, ವಾಂತಿ, ಮಂಪರು. “ಅವಳಿಗೆ ಗಾಡಿ ಆಗಿಬರಲ್ಲ, ಹುಣಸೆಹಣ್ಣು ಬಾಯಿಗೆ ಹಾಕು” ಅಂತ ನಾವು ಸುಮ್ಮನಾಗುತ್ತೇವೆ. ಒಬ್ಬಳಿಗೆ ಆದರೆ ಇರಬಹುದು. ಮೂರು ನಾಲ್ಕು ಜನಕ್ಕೆ ಒಟ್ಟಿಗೇ ತಲೆನೋವು ಬಂದರೆ ಅದು ಹೊಗೆ. ಮಗು ಕೂಗಿದರೂ ಏಳದೆ ಮಲಗಿದ್ದರೆ ಅದು ನಿದ್ದೆ ಅಂತ ತಿಳಿಯಬೇಡಿ. ಬಸುರಿಯರಿಗೂ ಮಕ್ಕಳಿಗೂ ಅಪಾಯ ಹೆಚ್ಚು. ಕೂಡಲೇ ಗಾಡಿ ನಿಲ್ಲಿಸಿ, ಎಲ್ಲರನ್ನೂ ಬಯಲಿಗೆ ಇಳಿಸಿ. ಎಚ್ಚರ ತಪ್ಪಿದವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಹೊಗೆಯಲ್ಲಿ ಕೂತಿದ್ದರು ಅಂತ ಡಾಕ್ಟರಿಗೆ ಹೇಳಿ. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ಅವರು ಆಮ್ಲಜನಕ ಕೊಡುತ್ತಾರೆ.

ಇಲ್ಲಿ ಇನ್ನೊಂದು ಮಾತು. ಚಳಿಗಾಲದಲ್ಲಿ ಬಾಣಂತಿ ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಕೆಂಡದ ಬಾಣಲೆ ಇಡುತ್ತೇವಲ್ಲ, ಆ ಕೆಂಡದಿಂದ ಬರುವುದೂ ಇದೇ ಅನಿಲ. ಕೆಂಡ ಇದ್ದರೆ ಕಿಟಕಿ ತೆರೆದಿರಲಿ. ಮಲಗುವ ಮೊದಲು ಕೆಂಡ ಹೊರಗೆ ಹೋಗಲಿ.

ಕೂಗು ಮುಟ್ಟಬೇಕು

ಹಿಂದೆ ಏನಾದರೂ ಆದರೆ ನಾವು ಏನು ಮಾಡುತ್ತೇವೆ? ಕ್ಯಾಬಿನ್ನಿನ ತಗಡು ಬಡಿಯುತ್ತೇವೆ. ಮುಂದೆ ಟೇಪಿನ ಹಾಡು ಜೋರಾಗಿದ್ದರೆ ಡ್ರೈವರ್‌ಗೆ ಕೇಳುವುದಿಲ್ಲ. ಹಿಂಕಿಟಕಿ ಗಾಜಿಗೆ ಸ್ಟಿಕ್ಕರ್ ಅಂಟಿಸಿದ್ದರೆ ಕಾಣುವುದೂ ಇಲ್ಲ.

ಬಸ್ಸಿನ ಕಂಡಕ್ಟರ್ ಹಿಂದಿನಿಂದ ಡ್ರೈವರ್‌ಗೆ ಹೇಗೆ ಹೇಳುತ್ತಿದ್ದರು? ಹಗ್ಗ ಎಳೆದು ಗಂಟೆ ಬಾರಿಸುತ್ತಿದ್ದರು. ಒಂದು ಸಲ ಬಾರಿಸಿದರೆ ನಿಲ್ಲಿಸು, ಎರಡು ಸಲ ಬಾರಿಸಿದರೆ ಹೊರಡು. ಪಿಕಪ್ಪಿಗೂ ಇದನ್ನೇ ಮಾಡಬಹುದು. ಕ್ಯಾಬಿನ್ ಒಳಗೆ ಡ್ರೈವರ್ ಕಿವಿಯ ಹತ್ತಿರ ಒಂದು ಗಂಟೆ. ಅದಕ್ಕೆ ಕಟ್ಟಿದ ಹಗ್ಗ ಹಿಂಕಿಟಕಿಯಿಂದ ಬಾಡಿಗೆ ಬರಲಿ. ಹಗ್ಗ ಸ್ವಲ್ಪ ಸಡಿಲ ಇರಲಿ, ಸಂದಿನ ಪಾಠ ನೆನಪಿದೆಯಲ್ಲ? ಹಾಡಿನ ಸದ್ದು ತಗ್ಗಿಸಿ ಅಂತ ಹೊರಡುವ ಮೊದಲೇ ಹೇಳಬೇಕು. ದುಡ್ಡು ಕೊಡುವವರು ನಾವು, ಹೇಳಲು ಸಂಕೋಚ ಯಾಕೆ?

ಟಾರ್ಪಾಲಿನ ಎರಡೂ ಪಕ್ಕ ಸುತ್ತಿ ಮೇಲಕ್ಕೆ ಕಟ್ಟಿಸಿ, ಗಾಳಿ ಆಡಲಿ. ಬಾಡಿಯ ಅಡಿಯಲ್ಲಿ ಸೈಲೆನ್ಸರ್ ಬಡಬಡ ಸದ್ದು ಮಾಡಿದರೆ ತೂತು ಬಿದ್ದಿದೆ ಅಂತ ಅರ್ಥ. ರಿಪೇರಿ ಆಗುವವರೆಗೆ ಆ ಗಾಡಿ ಹತ್ತಬೇಡಿ.

ನಡುವೆ ತಗಡು, ಕಾನೂನಿಗೆ ಗೋಡೆ

ಕ್ಯಾಬಿನ್ನಿಗೂ ಬಾಡಿಗೂ ನಡುವೆ ಇರುವುದು ತೆಳ್ಳನೆ ತಗಡು. ಕಾನೂನಿನಲ್ಲಿ ಅದು ದೊಡ್ಡ ಗೋಡೆ. ಪಿಕಪ್ಪಿನ ನೆತ್ತಿಯ ಮೇಲೆ ಇಂಗ್ಲಿಷಿನಲ್ಲಿ ‘ಗೂಡ್ಸ್ ಕ್ಯಾರಿಯರ್’ ಅಂತ ಬರೆದಿರುತ್ತದೆ. ಸಾಮಾನು ಸಾಗಿಸುವ ಗಾಡಿ ಅಂತ ಅರ್ಥ. ಜನರನ್ನು ತುಂಬುವ ಗಾಡಿ ಅಲ್ಲ.

ಗಾಡಿಗೆ ವಿಮೆ ಇದೆ, ಅಪಘಾತ ಆದರೆ ದುಡ್ಡು ಬರುತ್ತದೆ ಅಂತ ನಾವು ನಂಬಿರುತ್ತೇವೆ. ಸಾಮಾನು ಗಾಡಿಯಲ್ಲಿ ಪ್ರಯಾಣಿಕರಾಗಿ ಹೋದವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಗೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟಿತು. ಹಾಗಾದರೆ ಕೊಡಬೇಕಾದವರು ಗಾಡಿ ಮಾಲೀಕರು. ಅವರ ಹತ್ತಿರ ಇರುವುದು ಸಾಲದಲ್ಲಿ ತಂದ ಆ ಒಂದು ಗಾಡಿ ಮಾತ್ರ ಆದರೆ?

ಸಾಮಾನಿನ ಮಾಲೀಕರ ಮಾತು ಬೇರೆ. 1994ರ ತಿದ್ದುಪಡಿಯಿಂದ ಅವರಿಗೂ ವಿಮೆಯ ರಕ್ಷಣೆ ಬಂತು. ನಿಮ್ಮದೇ ಟೊಮೇಟೊ ಹೇರಿಕೊಂಡು ಹೋದರೆ ನೀವು ಸಾಮಾನಿನ ಮಾಲೀಕರು. ಆದರೆ ಅಂಥವರು ಕ್ಯಾಬಿನ್ನಿನಲ್ಲಿ ಕೂರಬೇಕು ಅಂತ ಅದೇ ಕೋರ್ಟ್ 2007ರಲ್ಲಿ ಹೇಳಿತು. ಬಾಕ್ಸಿನ ಮೇಲೆ ಕೂತರೆ ಆ ರಕ್ಷಣೆ ಕೈತಪ್ಪಬಹುದು. ಆದ್ದರಿಂದ ಗಂಡಸರು ಮುಂದೆ ಕೂತು “ನೀನು ಹಿಂದೆ ಹತ್ತಿಕೋ” ಅಂದರೆ, ಕ್ಯಾಬಿನ್ನಿನ ಜಾಗ ಕೇಳಿ.

ಬಸ್ಸಿಲ್ಲದ ಊರಿನವರಿಗೆ ‘ಪಿಕಪ್ ಹತ್ತಬೇಡಿ’ ಅಂತ ಹೇಳುವುದು ಸುಲಭ. ಹೇಳುವವರು ಮನೆಯಲ್ಲಿ ಕೂತಿರುತ್ತಾರೆ. ಕೂಲಿ ತಪ್ಪಿದರೆ ಒಲೆ ಉರಿಯುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ತಪ್ಪಿತು. ಆದರೆ ಬೆಳಗ್ಗೆ ಆರು ಗಂಟೆಗೆ ಬಸ್ಸೇ ಬರದಿದ್ದರೆ ಉಚಿತ ಟಿಕೆಟ್ ತೆಗೆದುಕೊಂಡು ಏನು ಮಾಡುವುದು? ಬಸ್ಸು ಕೇಳಬೇಕು. ಬಾಯಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತದೆ. ಈಗ ನಮಗೆ ಬರೆಯಲು ಬರುತ್ತದೆ.

ನೋಡಿ, ಬರೆಯಿರಿ

1. ಊರಿನ ಒಂದು ಪಿಕಪ್ ನೋಡಿ. ಸಂದು ಎಷ್ಟು ಬೆರಳು ಅಗಲ? ಹೊಗೆ ಕೊಳವೆಯ ಬಾಯಿ ಯಾವ ಕಡೆಗೆ ಇದೆ?

2. ಓದಿ, ಎರಡು ಸಲ ಬರೆಯಿರಿ: ಕ್ಯಾಬಿನ್, ಟಾರ್ಪಾಲು, ಸೈಲೆನ್ಸರ್, ಆಮ್ಲಜನಕ, ಪರಿಹಾರ.

3. ಕೆಳಗಿನ ಅರ್ಜಿಯಲ್ಲಿ ಬಿಟ್ಟ ಜಾಗ ತುಂಬಿ. ಎಲ್ಲರೂ ಸಹಿ ಹಾಕಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಕೊಟ್ಟಾಗ ಅದರ ಮೇಲೆ ಮೊಹರು ಹಾಕಿಸಿಕೊಳ್ಳಿ.

ಗೆ,
ಘಟಕ ವ್ಯವಸ್ಥಾಪಕರು,
ಸಾರಿಗೆ ಬಸ್ ಡಿಪೋ, ____________

ಮಾನ್ಯರೇ,

ನಾವು ____________ ಗ್ರಾಮದ ಹೆಂಗಸರು. ದಿನಾ ಬೆಳಗ್ಗೆ ____ ಜನ ಕೂಲಿಗೆ ____________ ಊರಿಗೆ ಹೋಗುತ್ತೇವೆ. ಆ ಹೊತ್ತಿಗೆ ಬಸ್ಸು ಇಲ್ಲ. ಸಾಮಾನು ಗಾಡಿಯ ಹಿಂದೆ ಕೂತು ಹೋಗುತ್ತಿದ್ದೇವೆ. ಬೆಳಗ್ಗೆ ____ ಗಂಟೆಗೆ ಮತ್ತು ಸಂಜೆ ____ ಗಂಟೆಗೆ ನಮ್ಮ ಊರಿಗೆ ಬಸ್ಸು ಬಿಡಬೇಕೆಂದು ಕೇಳಿಕೊಳ್ಳುತ್ತೇವೆ.

ತಾರೀಖು: ____________

ಇಂತಿ ತಮ್ಮ ವಿಶ್ವಾಸಿಗಳು,
(ಸಹಿಗಳು)