ಎದೆಗೆ ತಗಡು ಕಟ್ಟುವ ಮುಂಚೆ

ಲೇಪಾಕ್ಷಿಯ ಮೆರವಣಿಗೆಗೆ, ಹಂಪಿ ಉತ್ಸವಕ್ಕೆ, ಇಲ್ಲವೇ ಗೆಳೆಯರೆಲ್ಲ ಸೇರಿ ತೆಗೆಯುವ ಕಿರುಚಿತ್ರಕ್ಕೆ ವಿಜಯನಗರದ ಸೈನಿಕನ ವೇಷ ಬೇಕು. ಕಲ್ಯಾಣದುರ್ಗದಲ್ಲಾಗಲಿ ಹಿಂದೂಪುರದಲ್ಲಾಗಲಿ ಹುಡುಗರು ಮೊದಲು ಮಾಡುವ ಕೆಲಸ ಫೋನ್ ತೆಗೆದು ಹುಡುಕುವುದು. ಅಲ್ಲಿ ಸಿಗುವುದು ಅಡಿಯಿಂದ ಮುಡಿಯವರೆಗೆ ಉಕ್ಕು ತೊಟ್ಟ ಯುರೋಪಿನ ನೈಟ್, ಇಲ್ಲವೇ ಟಿವಿ ಧಾರಾವಾಹಿಯಲ್ಲಿ ಎದೆಯ ಸ್ನಾಯುಗಳನ್ನೆಲ್ಲ ತಗಡಿನಲ್ಲಿ ಉಬ್ಬಿಸಿಕೊಂಡ ಮಹಾರಾಜ. ಎರಡೂ ನಮ್ಮ ಸೀಮೆಯವಲ್ಲ. ಇಲ್ಲಿ ಯೋಧನ ಮೈ ಕಾದದ್ದು ಉಕ್ಕಿಗಿಂತ ಹೆಚ್ಚಾಗಿ ಹೊಲಿದ ಬಟ್ಟೆ ಮತ್ತು ತೊಗಲು. ಕವಚ ಮಾಡುವವರಿಗೂ ಮಾಡಿಸುವವರಿಗೂ ಕೆಳಗಿನ ಸೂತ್ರಗಳು.

1. ಇಸವಿ ಮೊದಲು, ಅಳತೆ ಆಮೇಲೆ

‘ಹಳೇ ಕಾಲದ ಸೈನಿಕ’ ಎಂಬ ಮನುಷ್ಯ ಯಾವತ್ತೂ ಇರಲಿಲ್ಲ. ಮಡಕಶಿರಾ ಕಡೆಯ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು, ನೊಳಂಬರ ರಾಜಧಾನಿ. ಅಲ್ಲಿಯ 9–10ನೇ ಶತಮಾನದ ಕಾಲಾಳು ಒಬ್ಬ. 1520ರಲ್ಲಿ ಕೃಷ್ಣದೇವರಾಯನ ಜೊತೆ ರಾಯಚೂರಿಗೆ ಹೋದ ಕುದುರೆ ಸವಾರ ಇನ್ನೊಬ್ಬ. 1565ರಲ್ಲಿ ವಿಜಯನಗರ ಸೋತ ಮೇಲೆ ತಿರುಮಲರಾಯ ಪೆನುಕೊಂಡಕ್ಕೆ ಬಂದಾಗ ಆ ಕೋಟೆಯ ಗೋಡೆ ಕಾದವನು ಮತ್ತೊಬ್ಬ. ಮೊದಲನೆಯವನ ಕಾಲದಲ್ಲಿ ಇಲ್ಲಿ ಕೋವಿಯೇ ಇರಲಿಲ್ಲ. ಎರಡನೆಯವನ ಪಕ್ಕದಲ್ಲೇ ಪೋರ್ಚುಗೀಸ್ ಕೋವಿಗಾರರಿದ್ದರು. ಮೂವರಿಗೂ ಒಂದೇ ಕವಚ ತೊಡಿಸಿದರೆ ಮೂವರೂ ಸುಳ್ಳಾಗುತ್ತಾರೆ. ಚೀಟಿಯ ತಲೆಯಲ್ಲಿ ಒಂದು ಇಸವಿ, ಒಂದು ಊರು ಬರೆದುಕೊಳ್ಳದೆ ದರ್ಜಿಯ ಹತ್ತಿರ ಹೋಗಬೇಡಿ.

2. ಆಳು ಯಾರು ಎಂದು ತೀರ್ಮಾನಿಸಿ

ದಂಡನಾಯಕನೋ, ಸವಾರನೋ, ಬಿಲ್ಲುಗಾರನೋ, ಬರೀ ಕಾಲಾಳೋ? ಮೆರವಣಿಗೆಯಲ್ಲಿ ಎಲ್ಲರೂ ದಂಡನಾಯಕರೇ ಆಗಲು ಹೊರಡುತ್ತಾರೆ. ಇಪ್ಪತ್ತು ಜನರ ತಂಡವಿದ್ದರೆ ಒಬ್ಬನಿಗೆ ಪೂರ್ತಿ ಕವಚ, ನಾಲ್ಕು ಜನಕ್ಕೆ ದಪ್ಪ ಅಂಗಿ, ಉಳಿದವರಿಗೆ ಗುರಾಣಿ, ರುಮಾಲು, ನಡುಕಟ್ಟು ಸಾಕು. ಖರ್ಚೂ ಇಳಿಯುತ್ತದೆ, ಚರಿತ್ರೆಗೂ ಹತ್ತಿರವಾಗುತ್ತದೆ.

3. ಕಲ್ಲನ್ನು ನಂಬಿ, ಪೂರ್ತಿ ನಂಬಬೇಡಿ

ವೀರಗಲ್ಲುಗಳಲ್ಲಿ ಹೆಚ್ಚಿನ ಯೋಧರು ಬರಿಮೈಯಲ್ಲಿದ್ದಾರೆ. ಕೈಯಲ್ಲಿ ಕತ್ತಿ, ಗುರಾಣಿ, ಸೊಂಟದಲ್ಲಿ ಕಠಾರಿ. ಗಂಗರಿಗೂ ನೊಳಂಬರಿಗೂ ನಡೆದ ಕಾಳಗವನ್ನು ಕೆತ್ತಿದ ಬೇಗೂರಿನ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನೊಳಂಬರ ಕಾಲದ ವೇಷ ಆರಿಸಿಕೊಂಡವರು ಅದರ ಮುಂದೆ ಅರ್ಧ ದಿನ ನಿಂತು ಗೀಚಿಕೊಂಡು ಬರಲಿ. ಆದರೆ ಶಿಲ್ಪಿಗೆ ವೀರನ ದೇಹ ತೋರಿಸುವ ಆಸೆಯೂ ಇತ್ತು. ಕಲ್ಲಿನಲ್ಲಿ ಅಂಗಿ ಕಾಣುವುದಿಲ್ಲವೆಂದ ಮಾತ್ರಕ್ಕೆ ರಣದಲ್ಲೂ ಇರಲಿಲ್ಲ ಎಂದು ಹೇಳುವಂತಿಲ್ಲ.

ವಿಜಯನಗರದ ಉಡುಪಿಗೆ ಕಲ್ಲಿಗಿಂತ ಬಣ್ಣ ಒಳ್ಳೆಯ ಗುರು. ಹಿಂದೂಪುರದಿಂದ ಲೇಪಾಕ್ಷಿಗೆ ಹದಿನೈದು ಕಿಲೋಮೀಟರ್ ಆದೀತು. ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಸೋದರರು ಬೆಳೆಸಿದ ವೀರಭದ್ರ ಗುಡಿಯ ಒಳಛಾವಣಿಯ ಚಿತ್ರಗಳಲ್ಲಿ ಉದ್ದ ಟೋಪಿ ಹಾಕಿದ ಗಂಡಸರನ್ನು ನೋಡಿ. ಅದೇ ಕುಳ್ಳಾಯಿ. ತಿರುಮಲೆಯಲ್ಲಿರುವ ಕೃಷ್ಣದೇವರಾಯನ ಕಂಚಿನ ವಿಗ್ರಹದ ತಲೆಯ ಮೇಲೂ ಅದೇ. ಅದರ ಜೊತೆಗೆ ತೊಡುತ್ತಿದ್ದ ನಿಲುವಂಗಿ ಕಬಾಯಿ. ಆಸ್ಥಾನದ ಉಡುಪು ಇದು, ಯುದ್ಧದ್ದಲ್ಲ ಎಂಬುದು ನೆನಪಿರಲಿ. ಆದರೂ ತಲೆಗೆ ಸಿನಿಮಾ ಕಿರೀಟ ಇಡುವುದಕ್ಕಿಂತ ಕುಳ್ಳಾಯಿ ಇಟ್ಟವನು ಹತ್ತು ಪಾಲು ಸರಿ.

4. ಕಣ್ಣಾರೆ ಕಂಡವನ ಮಾತು ಓದಿ

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಮಹಾನವಮಿಯ ಮೇಲೆ ನಡೆದ ಸೇನೆಯ ಪರಿಶೀಲನೆಯನ್ನು ಬಿಡಿಸಿ ಬಿಡಿಸಿ ಬರೆದಿಟ್ಟಿದ್ದಾನೆ. ರಾಬರ್ಟ್ ಸಿವೆಲ್ 1900ರಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚು ಹಾಕಿಸಿದ. ಅದರಲ್ಲಿರುವ ಸವಾರರ ಅಂಗಿ ಹೀಗೆ: ಹೊರಗೆ ರೇಷ್ಮೆ, ಮಖಮಲ್ಲು, ಜರಿ, ಒಳಗೆ ಪದರ ಪದರವಾಗಿ ಗಟ್ಟಿ ಹಸಿ ತೊಗಲು, ಬಲಕ್ಕೆ ಕಬ್ಬಿಣದ ಪಟ್ಟಿಗಳು. ಕೆಲವರ ಪಟ್ಟಿಗೆ ಚಿನ್ನದ ಮುಲಾಮು, ಕೆಲವರದು ಬೆಳ್ಳಿಯದೇ. ಶಿರಸ್ತ್ರಾಣವೂ ಅದೇ ಜಾತಿಯದು. ಕುತ್ತಿಗೆ ಮುಚ್ಚುವ ಅಂಚು ಅದಕ್ಕಿದೆ, ಮುಖಕ್ಕೊಂದು ಕಾಪು ಇದೆ. ಕೊರಳ ಕಾಪುಗಳಲ್ಲಿ ಕೆಲವು ಕನ್ನಡಿಯಂತೆ ಹೊಳೆಯುವ ಉಕ್ಕಿನವು. ಸೊಂಟದಲ್ಲಿ ಕತ್ತಿ, ಸಣ್ಣ ಗಂಡುಗೊಡಲಿ. ಕುದುರೆಗಳ ಹಣೆಗೂ ಪಟ್ಟಿ.

ನಿಮಗೆ ಬೇಕಾದ ಪಟ್ಟಿಯೆಲ್ಲ ಇಲ್ಲೇ ಇದೆ. ಹೊರಗೆ ಕಾಣುವುದು ರೇಷ್ಮೆ, ಕಾಯುವುದು ಒಳಗಿನದು. ನಮ್ಮ ಮೆರವಣಿಗೆಗಳಲ್ಲಿ ಇದು ತಿರುವುಮುರುವಾಗಿರುತ್ತದೆ, ಹೊರಗೆ ಹೊಳೆಯುವ ತಗಡು, ಒಳಗೆ ಬನಿಯನ್.

ಒಂದು ಎಚ್ಚರಿಕೆ. ಪಾಯೆಸ್ ನೋಡಿದ್ದು ರಾಜನೆದುರು ಸಿಂಗರಿಸಿಕೊಂಡು ನಿಂತ ದಂಡನ್ನು. ರಾಯಚೂರಿನ ಧೂಳಿನಲ್ಲಿ ಅಷ್ಟು ಚಿನ್ನ ಇದ್ದಿರಲಾರದು. ಮೆರವಣಿಗೆಯ ವೇಷಕ್ಕೆ ಪಾಯೆಸ್‌ನನ್ನು ಇಡಿಯಾಗಿ ಹಿಡಿಯಿರಿ. ಯುದ್ಧದ ದೃಶ್ಯಕ್ಕಾದರೆ ಮುಲಾಮನ್ನು ಕಿತ್ತು, ತೊಗಲನ್ನೂ ಪಟ್ಟಿಯನ್ನೂ ಉಳಿಸಿಕೊಳ್ಳಿ.

5. ದುಡ್ಡಿನ ದೊಡ್ಡ ಪಾಲು ಬಟ್ಟೆಗೆ ಹಾಕಿ

ಬಟ್ಟೆ ಅಂದರೆ ಬಡವರ ಕವಚ ಎಂದು ಮೂಗು ಮುರಿಯುವವರಿದ್ದಾರೆ. 15ನೇ ಶತಮಾನದಲ್ಲಿ ಫ್ರಾನ್ಸಿನ ಹನ್ನೊಂದನೇ ಲೂಯಿ ತನ್ನ ಸೈನಿಕರಿಗೆ ಗೊತ್ತುಮಾಡಿದ್ದ ಅಂಗಿಯಲ್ಲಿ ಇಪ್ಪತ್ತೈದರಿಂದ ಮೂವತ್ತು ಪದರ ಬಟ್ಟೆ, ಮೇಲೊಂದು ಜಿಂಕೆಯ ಚರ್ಮ. ಉಕ್ಕಿನ ನೈಟ್‌ಗಳ ನಾಡಿನಲ್ಲೇ ಹೀಗೆ! ಇತ್ತ ಟಿಪ್ಪು ಸುಲ್ತಾನನದೆಂದು ಹೇಳುವ ಹೊಲಿದ ಬಟ್ಟೆಯ ಶಿರಸ್ತ್ರಾಣ, ಎದೆ ಸುತ್ತುವ ಪೇಟಿ ಬ್ರಿಟನ್ನಿನ ಸಂಗ್ರಹಗಳಲ್ಲಿವೆ. ತೋಪು ಕೋವಿಗಳ ಕಾಲಕ್ಕೂ ಬಟ್ಟೆಯ ಕವಚ ನಮ್ಮಲ್ಲಿ ಬಾಳಿತು. ಕತ್ತಿಯ ಏಟು ಮೆತ್ತೆಯಲ್ಲಿ ತಡೆಯುತ್ತದೆ, ಬಾಣದ ವೇಗ ಪದರಗಳಲ್ಲಿ ಸಾಯುತ್ತದೆ. ಮೇಲೆ ಎಂಥ ಉಕ್ಕಿದ್ದರೂ ಒಳಗೆ ಮೆತ್ತೆ ಇಲ್ಲದಿದ್ದರೆ ಗದೆಯ ಪೆಟ್ಟು ನೇರ ಪಕ್ಕೆಲುಬಿಗೆ.

ಇಷ್ಟು ಪದರಗಳನ್ನು ಮನೆಯ ಹೊಲಿಗೆ ಯಂತ್ರ ಎಳೆಯುವುದಿಲ್ಲ, ಸೂಜಿ ಮುರಿದೇ ಮುರಿಯುತ್ತದೆ. ರಾಯದುರ್ಗ, ಬಳ್ಳಾರಿಯ ಜೀನ್ಸ್ ಹೊಲಿಯುವವರ ಹತ್ತಿರ ಹೋಗಿ. ದಪ್ಪ ಬಟ್ಟೆಗೆಂದೇ ಇರುವ ಯಂತ್ರ ಅವರಲ್ಲಿದೆ, ಕೈಯೂ ಪಳಗಿದೆ. ಮಾದರಿಗೆ ಜೀನ್ಸ್ ತುಂಡುಗಳನ್ನೇ ಜೋಡಿಸಿ ಹೊಲಿಸಿ, ಅದೂ ಹತ್ತಿಯೇ. ಅಸಲಿಗೆ ಬಿಳಿ ಕೋರಾ ಬಟ್ಟೆ ತನ್ನಿ. ಹತ್ತು ಹತ್ತು ಪದರಗಳ ಹಾಸುಗಳನ್ನು ಬೇರೆ ಬೇರೆ ಹೊಲಿಸಿ, ಆಮೇಲೆ ಅವನ್ನು ಒಂದರ ಮೇಲೊಂದಿಟ್ಟು ಕೈಯಿಂದ ದಬ್ಬಣದಲ್ಲಿ ಕೂಡಿಸಿ. ಹೊಲಿಗೆಯ ಸಾಲುಗಳು ಒಂದರ ಮೇಲೊಂದು ಬೀಳದಂತೆ ತಪ್ಪಿಸಿ, ಯಾಕೆಂದರೆ ಸೂಜಿ ತೂರಿದ ಜಾಗವೇ ಬಾಣ ತೂರುವ ಜಾಗ. ಪಾಲಿಯೆಸ್ಟರ್ ಮೆತ್ತೆ ತುಂಬಬೇಡಿ. ಊದಿಕೊಂಡು ಚೆನ್ನಾಗಿ ಕಾಣುತ್ತದೆ, ಏಟನ್ನು ಮಾತ್ರ ತಡೆಯುವುದಿಲ್ಲ. ಬೆವರು ಹೀರುವುದೂ ಇಲ್ಲ.

ಕುರಿ ಸಾಕುವವರ ಕರಿಕಂಬಳಿ ಕಲ್ಯಾಣದುರ್ಗದ ಕಡೆ ಸುಲಭಕ್ಕೆ ಸಿಗುತ್ತದಲ್ಲ ಎನ್ನಬಹುದು. ಶಿರಸ್ತ್ರಾಣದ ಒಳ ಮೆತ್ತೆಗೆ ಆದೀತು. ಮೈಗೆ ಬೇಡ, ಏಪ್ರಿಲ್ ಬಂದಾಗ ಗೊತ್ತಾಗುತ್ತದೆ.

6. ತಗಡಿನ ತೂಕ ಮೊದಲೇ ಲೆಕ್ಕ ಹಾಕಿ

ಅಂಗಡಿಯಲ್ಲಿ ಸಿಆರ್ ಶೀಟ್ ಕೇಳಿ. 18 ಗೇಜ್ ಎಂದರೆ ಸುಮಾರು 1.2 ಮಿಲಿಮೀಟರ್, ಒಂದು ಚದರಡಿಗೆ 870 ಗ್ರಾಂ ಹತ್ತಿರ ತೂಗುತ್ತದೆ. 16 ಗೇಜ್ 1.6 ಮಿಲಿಮೀಟರ್, ಚದರಡಿಗೆ ಒಂದು ಕೆಜಿ 170 ಗ್ರಾಂ. ಕಾಗದದಲ್ಲಿ ಅಚ್ಚು ಕತ್ತರಿಸಿ ಚದರಡಿ ಎಣಿಸಿದರೆ ತೂಕ ಅಲ್ಲೇ ಗೊತ್ತಾಯಿತು.

ಹಳೆಯ ಕಮ್ಮಾರ ಎಲ್ಲ ಕಡೆ ಒಂದೇ ದಪ್ಪ ಇಡುತ್ತಿರಲಿಲ್ಲ. ಎದೆಯ ನಡುವೆ ದಪ್ಪ, ಪಕ್ಕಕ್ಕೆ ತೆಳು. ಕಾರ್ಖಾನೆಯ ತಗಡಿನಲ್ಲಿ ಕತ್ತರಿಸಿದ ಈಗಿನ ಪ್ರತಿಕೃತಿಗಳು ಅಸಲಿಗಿಂತ ಭಾರವಾಗುವುದು ಇದಕ್ಕೇ. 15ನೇ ಶತಮಾನದ ಯುರೋಪಿನ ಪೂರ್ತಿ ಉಕ್ಕಿನ ಕವಚವೇ ಇಪ್ಪತ್ತರಿಂದ ಇಪ್ಪತ್ತೈದು ಕೆಜಿ. ಪಟ್ಟಿ ಕೂಡಿಸಿದ ನಿಮ್ಮ ಅಂಗಿ ಅದಕ್ಕಿಂತ ಭಾರವಾಗಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ.

7. ಸ್ಟೇನ್‌ಲೆಸ್ ಸ್ಟೀಲ್ ಬೇಡ

ಅದು ಹುಟ್ಟಿದ್ದು 20ನೇ ಶತಮಾನದಲ್ಲಿ. ಹೊಳಪೂ ಬೇರೆ; ಪಾತ್ರೆ ಅಂಗಡಿಯ ಹೊಳಪು ಅದು. ನಮ್ಮ ಕಡೆ ಕಬ್ಬಿಣಕ್ಕೇನು ಬರ? 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಹಿಂದೂಪುರಕ್ಕೆ ದೂರವಲ್ಲದ ಮಧುಗಿರಿ, ಚನ್ನರಾಯನದುರ್ಗದ ಕಡೆ ಕಬ್ಬಿಣ ಕರಗಿಸುವುದನ್ನೂ ಉಕ್ಕು ಮಾಡುವುದನ್ನೂ ವಿವರವಾಗಿ ಬರೆದಿದ್ದಾನೆ. ಆ ಉಕ್ಕು ಈಗ ಸಿಗದು. ಸಾದಾ ಕಬ್ಬಿಣದ ತಗಡನ್ನು ಸುತ್ತಿಗೆಯ ಗುರುತು ಉಳಿಯುವಂತೆ ಬಡಿದು, ಎಣ್ಣೆ ಸವರಿದರೆ ಕಣ್ಣಿಗೆ ಹತ್ತಿರವಾಗುತ್ತದೆ.

8. ಎದೆಪಟ್ಟಿ ಸೊಂಟಕ್ಕೆ ನಿಲ್ಲಲಿ

ನಾನು ನೋಡಿದ ಪ್ರತಿಕೃತಿಗಳಲ್ಲಿ ಹೆಚ್ಚು ಕಂಡ ತಪ್ಪು ಇದೇ. ತಗಡು ಹೊಟ್ಟೆ ದಾಟಿ ಕೆಳಗಿಳಿದಿರುತ್ತದೆ. ಬಗ್ಗಿದರೆ ಕೆಳಗಿನ ಅಂಚು ತೊಡೆಗೆ ಒತ್ತಿ, ಮೇಲಿನ ಅಂಚು ಗಂಟಲಿಗೆ ಬರುತ್ತದೆ. ಪಕ್ಕೆಲುಬು ಮುಗಿದು ಮೈ ಸಣ್ಣದಾಗುವಲ್ಲಿ ತಗಡು ನಿಲ್ಲಬೇಕು, ಕೆಳಗೆ ಪಟ್ಟಿ ಹೊಲಿದ ಬಟ್ಟೆಯೇ ಇಳಿಬೀಳಲಿ. ತೊಗಲಿನ ಪಟ್ಟಿಯಿಂದ ನಡುವಿಗೆ ಬಿಗಿದರೆ ಭಾರ ಹೆಗಲಿನಿಂದ ಸೊಂಟಕ್ಕೆ ಇಳಿಯುತ್ತದೆ. ತೊಟ್ಟುಕೊಂಡು ನೆಲದ ಮೇಲೆ ಕುಳಿತು ಏಳಿ; ಎರಡು ಕೈ ಎತ್ತಿ ಮುಗಿಯಿರಿ. ಆಗದಿದ್ದರೆ ವಾಪಸ್ ಕೊಡಿ.

9. ಕಾಲಿಗೆ ಭಾರ ಹೇರಬೇಡಿ, ಬಿಸಿಲನ್ನು ಮರೆಯಬೇಡಿ

2011ರಲ್ಲಿ ಬ್ರಿಟನ್ನಿನ ಸಂಶೋಧಕರು 15ನೇ ಶತಮಾನದ ಮಾದರಿಯ ಉಕ್ಕಿನ ಕವಚ ತೊಟ್ಟವರನ್ನು ಓಡುವ ಯಂತ್ರದ ಮೇಲೆ ನಡೆಸಿ ನೋಡಿದರು. ನಡೆಯಲು ಬೇಕಾದ ಶಕ್ತಿ ಎರಡು ಪಟ್ಟನ್ನೂ ಮೀರಿತು, ಓಡಲು ಸುಮಾರು 1.9 ಪಟ್ಟು. ಅಷ್ಟೇ ಭಾರ ಬೆನ್ನ ಮೇಲಿದ್ದರೆ ಇಷ್ಟು ಸುಸ್ತಿಲ್ಲ. ಕಾಲಿಗೆ ಕಟ್ಟಿದ ಉಕ್ಕನ್ನು ಪ್ರತಿ ಹೆಜ್ಜೆಗೂ ಎತ್ತಿ ಬೀಸಬೇಕಲ್ಲ. ಅದೂ ತಣ್ಣನೆಯ ನಾಡಿನ ಪ್ರಯೋಗಶಾಲೆಯಲ್ಲಿ. ಅನಂತಪುರದ ಬಯಲಿನಲ್ಲಿ ಮೇ ತಿಂಗಳ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಇಲ್ಲಿಯ ಕಾಲಾಳು ಕಾಲಿಗೆ ತಗಡು ಕಟ್ಟದೆ ಉಳಿದದ್ದರಲ್ಲಿ ವಿವೇಕವೇ ಇದೆ. ಮೆರವಣಿಗೆ ಬೆಳಿಗ್ಗೆ ಒಂಬತ್ತರೊಳಗೆ ಮುಗಿಯಲಿ, ಇಲ್ಲವೇ ಸಂಜೆ ಹೊರಡಲಿ. ತಗಡಿನ ಮೇಲೆ ರೇಷ್ಮೆಯೋ ಹತ್ತಿಯೋ ಹೊದಿಸಿದರೆ ಬಿಸಿಲಿಗೆ ನೇರ ಕಾಯುವುದು ತಪ್ಪುತ್ತದೆ. ಪಾಯೆಸ್ ಕಂಡ ಅಂಗಿಯೂ ಹಾಗೆಯೇ ಇತ್ತು.

10. ಪರೀಕ್ಷೆ ಮಾಡಿ, ಮನುಷ್ಯನ ಮೇಲೆ ಬೇಡ

‘ಬಾಣ ತೂರುವುದಿಲ್ಲ’ ಎಂದು ಹೇಳಿ ಮಾರುವವನನ್ನು ಎಷ್ಟು ದೂರದಿಂದ, ಎಂಥ ಬಿಲ್ಲಿನಿಂದ ಎಂದು ಕೇಳಿ. 2019ರಲ್ಲಿ ಇಂಗ್ಲೆಂಡಿನ ಕುಶಲಕರ್ಮಿಗಳೂ ವಿದ್ವಾಂಸರೂ ಸೇರಿ ಸರಿಯಾದ ಪ್ರಯೋಗ ಮಾಡಿದರು. ಎಳೆಯಲು 160 ಪೌಂಡ್ ಬಲ ಬೇಕಾದ ಉದ್ದ ಬಿಲ್ಲು. ನಡುವೆ ಸುಮಾರು ಎರಡೂವರೆ ಮಿಲಿಮೀಟರ್ ದಪ್ಪದ, 14ನೇ ಶತಮಾನದ ಕೊನೆಯ ಮಾದರಿಯ ಎದೆಪಟ್ಟಿ. ಹತ್ತಿರದಿಂದ ಬಿಟ್ಟ ಬಾಣಗಳೂ ಅದನ್ನು ತೂರಲಿಲ್ಲ. ಆದರೆ ಒಡೆದ ಬಾಣದ ಚೂರುಗಳು ಉಬ್ಬಿನ ಮೇಲೆ ಜಾರಿ ಗಂಟಲ ಕಡೆ ಹಾರಿದವು. ಹಳೆಯ ಎದೆಪಟ್ಟಿಗಳ ಮೇಲ್ತುದಿಯಲ್ಲಿ ಅಡ್ಡ ಏಣೊಂದು ಏಕಿರುತ್ತದೆ ಎಂಬುದು ಆಗ ಕಣ್ಣಿಗೇ ಕಂಡಿತು. ಪ್ರತಿಕೃತಿ ಮಾಡುವವರು ಅಲಂಕಾರವೆಂದು ತಿಳಿದು ಬಿಟ್ಟುಬಿಡುವ ಏಣು ಅದು.

ನೀವೂ ಮರಳು ಚೀಲಕ್ಕೆ ಅಂಗಿ ತೊಡಿಸಿ ಹೊಡೆದು ನೋಡಿ. ಮುಂದೆ ಸೇರಿಸುವ ಪದರವೆಷ್ಟು ಎಂಬುದು ಆ ತೂತುಗಳಿಂದ ತಿಳಿಯುತ್ತದೆ.

11. ನಾಟಕದ ಕವಚವನ್ನು ಅದರ ಪಾಡಿಗೆ ಬಿಡಿ

ಅಮರಾಪುರ, ರೊಳ್ಳ, ಅಗಳಿ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ಆಡುವವರಿಗೆ ಈ ಉಪದೇಶವೆಲ್ಲ ಹೇಳಬೇಡಿ. ಮಖಮಲ್ಲಿನ ಮೇಲೆ ಬೇಗಡೆ, ಕನ್ನಡಿ ಚೂರು ಕೂರಿಸಿದ ಭುಜಕೀರ್ತಿ, ಎದೆಗವಚಕ್ಕೆ ಬೇರೆಯೇ ಪರಂಪರೆಯಿದೆ. ಅದು ನಿಷ್ಠೆಯಿಂದಿರುವುದು ಆ ಪರಂಪರೆಗೆ, 1520ಕ್ಕಲ್ಲ. ದುರ್ಯೋಧನನಿಗೆ ಹಾರ್ಮೋನಿಯಂ ಮೇಷ್ಟ್ರು ಕೊಟ್ಟ ಶ್ರುತಿಗೆ ಏರಿ ಹಾಡಲು ಎದೆತುಂಬ ಉಸಿರು ಬೇಕು. ಉಕ್ಕಿನ ಪಟ್ಟಿ ಬಿಗಿದರೆ ಕಂದಪದ್ಯ ಅರ್ಧಕ್ಕೇ ನಿಂತೀತು.

12. ಕತ್ತಿಯ ಕಾನೂನು ತಿಳಿದುಕೊಳ್ಳಿ

ಕವಚಕ್ಕೆ ಪರವಾನಗಿ ಬೇಡ. ಒಂಬತ್ತು ಅಂಗುಲ ಮೀರಿದ ಹರಿತ ಅಲುಗಿಗೆ, ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ, ಬೇಕು. ಮೆರವಣಿಗೆಗೆ ಮರದ ಕತ್ತಿಯೋ ಮೊಂಡು ಅಲುಗೋ ಸಾಕು, ಠಾಣೆಗೂ ಒಂದು ಮಾತು ಮೊದಲೇ ತಿಳಿಸಿ.

13. ಎಣ್ಣೆ ಸರಿಯಾದದ್ದು ಹಚ್ಚಿ

ಹಿತ್ತಾಳೆಯ ಭಾಗಗಳಿಗೆ ಹುಣಸೆಹಣ್ಣು ಸಾಕು. ಹಿಂದೂಪುರದ ಹುಣಸೆ ಮಂಡಿ ಇರುವಾಗ ಡಬ್ಬಿಯ ಪಾಲಿಶ್ ಯಾಕೆ? ತಿಕ್ಕಿದ ಮೇಲೆ ಹುಳಿ ಉಳಿಯದಂತೆ ತೊಳೆದು ಒಣಗಿಸಿ. ಕಬ್ಬಿಣಕ್ಕೆ ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಸವರಿ. ಮನೆಯಲ್ಲಿದೆ ಎಂದು ಕಡಲೇಕಾಯಿ ಎಣ್ಣೆ ಹಚ್ಚಿದರೆ ಕೆಲವು ತಿಂಗಳಲ್ಲಿ ಜಿಗುಟಾಗಿ ಧೂಳು ಹಿಡಿಯುತ್ತದೆ. ಬೆವರಿದ ಬಟ್ಟೆಯನ್ನು ತಗಡಿನಿಂದ ಬಿಡಿಸಿಯೇ ಒಣಗಿಸಬೇಕು.

14. ಒಳಮೈಯಲ್ಲಿ ಇಸವಿ ಹೊಡೆಯಿರಿ

ಮಾಡಿದವರ ಹೆಸರು, ಊರು, ವರ್ಷ ಪಟ್ಟಿಯ ಒಳಭಾಗದಲ್ಲಿ ಅಚ್ಚಾಗಿರಲಿ. ತಗಡನ್ನು ಮಣ್ಣಿನಲ್ಲಿ ಹೂತು ತುಕ್ಕು ಹಿಡಿಸಿ ‘ಪೆನುಕೊಂಡದ ಕೋಟೆಯಲ್ಲಿ ಸಿಕ್ಕಿದ್ದು’ ಎಂದು ಮಾರುವ ಜನ ಇದ್ದೇ ಇರುತ್ತಾರೆ. ನೂರು ವರ್ಷ ದಾಟಿದ ವಸ್ತುವಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ, ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಹೊಸದೆಂದು ತೋರಿಸುವ ಅಚ್ಚು ಇದ್ದರೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಿಮ್ಮ ಗಿರಾಕಿಗೆ ತೊಂದರೆ ಕಡಿಮೆಯಾದೀತು. ಜೊತೆಗೊಂದು ಚೀಟಿ ಇಡಿ: ಅಂಗಿಯ ಪದರಗಳು ಪಾಯೆಸ್‌ನಿಂದ, ಟೋಪಿ ಲೇಪಾಕ್ಷಿಯಿಂದ, ಗುಂಡಿ ಮತ್ತು ಪಟ್ಟಿ ಬಿಗಿಯುವ ಕೊಕ್ಕೆ ಊಹೆಯಿಂದ.